ವೆಬ್ ಪುಟವನ್ನು ಪಿಡಿಎಫ್ ಮಾಡುವಾಗ ಅಕ್ಷರ ಮತ್ತು ಲೇಔಟ್ ಅಳತೆ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಒಂದು ಕೈಪಿಡಿಯನ್ನು ವೆಬ್ ಪುಟದಿಂದ ಪಿಡಿಎಫ್ ಮಾಡಿ ಕಳಿಸಿದ್ದೆ. ನನ್ನ ಸ್ಕ್ರೀನ್ ಮೇಲೆ ಮುತ್ತು ಪೋಣಿಸಿದ ಹಾಗೆ ಕಾಣುತ್ತಿತ್ತು. ಮರುದಿನ ಫೋನ್ ಬಂತು. "ಪ್ರಿಂಟ್ ತೆಗೆದಿದ್ದೀವಿ, ಜೊತೆಗೆ ಒಂದು ಭೂತಗನ್ನಡಿನೂ ಕಳಿಸಿಬಿಡಿ" ಅಂದರು. ತಪ್ಪು ನನ್ನದೇ. ಪಿಡಿಎಫ್ ತೆರೆದು 150 ಪರ್ಸೆಂಟ್ ಜೂಮ್‌ನಲ್ಲಿ ನೋಡಿ ಖುಷಿಪಟ್ಟಿದ್ದೆ. ಕಾಗದಕ್ಕೆ ಜೂಮ್ ಇರುವುದಿಲ್ಲ, ಅಲ್ವಾ?

ಆವತ್ತಿನಿಂದ ನಾನು ಪ್ರಿಂಟ್ ಕಿಟಕಿಯ ಸ್ಕೇಲ್ ಬಟನ್‌ಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಕಾಗದದ ಅಗಲ ನೋಡುತ್ತೇನೆ. ಆಮೇಲೆ ಅಕ್ಷರದ ಗಾತ್ರ. ಲೇಔಟ್ ಅದರ ನಂತರ. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ. ಸಿಎಸ್‌ಎಸ್ (ವೆಬ್ ಪುಟದ ರೂಪ, ಅಳತೆ ಹೇಳುವ ಭಾಷೆ) ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಕೋಡ್‌ನಲ್ಲಿ ಅವನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು.

## ಹಂತ 1: ಪೆನ್ನು ಹಿಡಿದು ಲೆಕ್ಕ ಹಾಕಿ

ಇದು ಎರಡು ನಿಮಿಷದ ಕೆಲಸ. ಆದರೆ ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಸಿಎಸ್‌ಎಸ್ ಪ್ರಕಾರ ಒಂದು ಇಂಚಿಗೆ 96 ಪಿಕ್ಸೆಲ್. ಪಿಡಿಎಫ್ ಒಳಗೆ ನಡೆಯುವುದು ಪಾಯಿಂಟ್ ಲೆಕ್ಕ, ಒಂದು ಇಂಚಿಗೆ 72 ಪಾಯಿಂಟ್. ಹಾಗಾಗಿ 1 ಪಿಕ್ಸೆಲ್ ಅಂದರೆ 0.75 ಪಾಯಿಂಟ್. ವೆಬ್‌ನಲ್ಲಿ ಮಾಮೂಲಿಯಾಗಿ ಬಳಸುವ 16 ಪಿಕ್ಸೆಲ್ ಅಕ್ಷರ ಕಾಗದದ ಮೇಲೆ 12 ಪಾಯಿಂಟ್ ಆಗಬೇಕು. ಇದು ಓದಲು ಒಳ್ಳೆಯ ಗಾತ್ರವೇ. ಹಾಗಾದರೆ ಅಕ್ಷರ ಸಣ್ಣಗಾಗುವುದು ಯಾಕೆ?

ಅಗಲದಿಂದ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಪಿಕ್ಸೆಲ್‌ನಲ್ಲಿ ಹೇಳುವುದಾದರೆ ಸುಮಾರು 794 ಗುಣಿಸು 1123. ಎರಡೂ ಕಡೆ 10 ಮಿಲಿಮೀಟರ್ ಮಾರ್ಜಿನ್ ಬಿಟ್ಟರೆ ಉಳಿಯುವುದು 190 ಮಿಲಿಮೀಟರ್, ಅಂದರೆ 718 ಪಿಕ್ಸೆಲ್. ನಿಮ್ಮ ಪುಟದ ಲೇಔಟ್ 1200 ಪಿಕ್ಸೆಲ್ ಅಗಲಕ್ಕೆ ಗಟ್ಟಿಯಾಗಿ ಕಟ್ಟಿದ್ದರೆ, ಅದನ್ನು 718ರೊಳಗೆ ತುರುಕಲು ಬ್ರೌಸರ್ ಎಲ್ಲವನ್ನೂ ಸುಮಾರು 60 ಪರ್ಸೆಂಟ್‌ಗೆ ಇಳಿಸಬೇಕಾಗುತ್ತದೆ. 12 ಪಾಯಿಂಟ್ ಅಕ್ಷರ 7.2 ಪಾಯಿಂಟ್ ಆಗಿಬಿಡುತ್ತದೆ. ಭೂತಗನ್ನಡಿ ಕಥೆ ಹುಟ್ಟಿದ್ದು ಇಲ್ಲೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ವೆಬ್‌ನಲ್ಲಿ ಕಾಲು ಚಾಚಿದಷ್ಟೂ ಹಾಸಿಗೆ ಉದ್ದವಾಗುತ್ತದೆ. ಕಾಗದದಲ್ಲಿ ಹಾಗಲ್ಲ.

ಇಲ್ಲಿ ಎರಡು ಬೇರೆ ಅಳತೆಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು, ಪುಟದೊಳಗಿನ ಭಾಗಗಳ ನಡುವಿನ ಅಳತೆ: ಅಕ್ಷರ ಇಷ್ಟು ದೊಡ್ಡದಾದರೆ ಕಾಲಂ ಇಷ್ಟು ಅಗಲ, ಚಿತ್ರ ಇಷ್ಟು ಅಗಲ ಅನ್ನುವುದು. ಇನ್ನೊಂದು, ಅಕ್ಷರಕ್ಕೂ ಓದುವವರ ಕಣ್ಣಿಗೂ ನಡುವಿನ ಅಳತೆ. ಪೂರ್ತಿ ಪುಟವನ್ನು ಕುಗ್ಗಿಸಿದರೆ ಮೊದಲನೆಯದು ಹಾಗೇ ಉಳಿಯುತ್ತದೆ, ಎರಡನೆಯದು ಸಾಯುತ್ತದೆ. ಅಕ್ಷರವನ್ನು ಹಾಗೇ ಬಿಟ್ಟು ಅಗಲ ಮಾತ್ರ ಕಡಿಮೆ ಮಾಡಿದರೆ ಕಣ್ಣಿಗೆ ಹಿತ, ಆದರೆ ಮೂರು ಕಾಲಂ ಒಂದರ ಕೆಳಗೊಂದು ಬೀಳುತ್ತವೆ. ಎರಡನ್ನೂ ಪೂರ್ತಿ ಉಳಿಸಿಕೊಳ್ಳಲು ಆಗುವುದಿಲ್ಲ. ಕಾಗದಕ್ಕೆ ಹೋಗುವುದಾದರೆ ನಾನು ಪ್ರತಿ ಸಲವೂ ಕಣ್ಣಿನ ಪರ ನಿಲ್ಲುತ್ತೇನೆ.

## ಹಂತ 2: ಇದು ಪ್ರಿಂಟ್ ಆಗುತ್ತದಾ, ಇಲ್ಲವಾ?

ಮೊದಲೇ ತೀರ್ಮಾನಿಸಿ. ಪಿಡಿಎಫ್ ಅನ್ನು ಸ್ಕ್ರೀನ್ ಮೇಲೆ ಮಾತ್ರ ನೋಡುವುದಾದರೆ, ಅದನ್ನು ಎ4ಗೆ ತುರುಕುವ ಅಗತ್ಯವೇ ಇಲ್ಲ. ಪುಟದ ಅಳತೆಯನ್ನೇ 1200 ಪಿಕ್ಸೆಲ್ ಅಗಲ ಮಾಡಿ, ಉದ್ದವನ್ನು ಪಠ್ಯ ಮುಗಿಯುವವರೆಗೆ ಬಿಡಬಹುದು. ಆಗ ಒಂದೇ ಉದ್ದನೆಯ ಪುಟ ಸಿಗುತ್ತದೆ, ಲೇಔಟ್ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಒಂದು ಮಿತಿ ನೆನಪಿರಲಿ: ಅಕ್ರೋಬ್ಯಾಟ್‌ನಂಥ ಸಾಫ್ಟ್‌ವೇರ್‌ನಲ್ಲಿ ಪಿಡಿಎಫ್ ಪುಟದ ಒಂದು ಬದಿ ಸಾಮಾನ್ಯವಾಗಿ 200 ಇಂಚು ಮೀರುವಂತಿಲ್ಲ. ಅಂದರೆ 19,200 ಪಿಕ್ಸೆಲ್. ಅದಕ್ಕಿಂತ ಉದ್ದದ ಪುಟವನ್ನು ಎರಡೋ ಮೂರೋ ತುಂಡು ಮಾಡಿ.

ಪ್ರಿಂಟ್ ಆಗುವ ಸಾಧ್ಯತೆ ಸ್ವಲ್ಪ ಇದ್ದರೂ ಮುಂದೆ ಓದಿ.

## ಹಂತ 3: ಪುಟ ನಿಮ್ಮದಲ್ಲದಿದ್ದರೆ

ಬೇರೆಯವರ ಪುಟದ ಕೋಡ್ ನಿಮ್ಮ ಕೈಯಲ್ಲಿಲ್ಲ. ಇರುವುದು ಬ್ರೌಸರ್‌ನ ಪ್ರಿಂಟ್ ಕಿಟಕಿ ಮಾತ್ರ. ಲೇಖನದಂಥ ಪುಟವಾದರೆ ಫೈರ್‌ಫಾಕ್ಸ್ ಅಥವಾ ಸಫಾರಿಯ ರೀಡರ್ ನೋಟಕ್ಕೆ ಹೋಗಿ, ಅಲ್ಲಿಂದ ಪ್ರಿಂಟ್ ಕೊಡಿ. ಮೆನು, ಜಾಹೀರಾತು, ಪಕ್ಕದ ಪಟ್ಟಿ ಎಲ್ಲ ಉದುರಿ ಹೋಗಿ ಒಂದೇ ಕಾಲಂ ಉಳಿಯುತ್ತದೆ. ಮುಕ್ಕಾಲು ಪಾಲು ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ.

ಲೇಔಟ್ ಬೇಕೇ ಬೇಕು ಅಂದಾಗ ಕ್ರೋಮ್‌ನಲ್ಲಿ ಕಂಟ್ರೋಲ್ ಮತ್ತು ಪಿ ಒತ್ತಿ. ಪ್ರಿಂಟರ್ ಜಾಗದಲ್ಲಿ "ಸೇವ್ ಆ್ಯಸ್ ಪಿಡಿಎಫ್" ಆರಿಸಿ. ಕಂಪ್ಯೂಟರ್‌ನ ಬೇರೆ ವರ್ಚುವಲ್ ಪ್ರಿಂಟರ್ ಆರಿಸಿದರೆ ಲಿಂಕ್‌ಗಳು ಸಾಮಾನ್ಯವಾಗಿ ಸತ್ತುಹೋಗುತ್ತವೆ. "ಮೋರ್ ಸೆಟಿಂಗ್ಸ್" ಬಿಡಿಸಿದರೆ ಕಾಗದದ ಗಾತ್ರ, ಮಾರ್ಜಿನ್, ಸ್ಕೇಲ್, ಹಿನ್ನೆಲೆ ಬಣ್ಣ ಎಲ್ಲ ಅಲ್ಲೇ ಇವೆ. ಕಾಗದದ ಗಾತ್ರವನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಎ4 ಅಂದುಕೊಂಡದ್ದು ಎಷ್ಟೋ ಸಲ ಲೆಟರ್ ಆಗಿರುತ್ತದೆ. ಲೆಟರ್ ಹಾಳೆ 216 ಮಿಲಿಮೀಟರ್ ಅಗಲ, 279 ಉದ್ದ. ಅಗಲ ಜಾಸ್ತಿ, ಉದ್ದ ಕಡಿಮೆ. ಹಾಗಾಗಿ ಪುಟ ಒಡೆಯುವ ಜಾಗವೆಲ್ಲ ಬದಲಾಗುತ್ತದೆ.

ಈಗ ಸ್ಕೇಲ್. ಕ್ರೋಮ್‌ನಲ್ಲಿ ಇದು 10ರಿಂದ 200ರವರೆಗೆ ಹೋಗುತ್ತದೆ. ಇದು ಅಕ್ಷರ ಕುಗ್ಗಿಸುವ ಬಟನ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಇದು ಅಗಲವನ್ನೂ ಬದಲಾಯಿಸುತ್ತದೆ. 70 ಹಾಕಿದರೆ ಬ್ರೌಸರ್ ಮೊದಲು 718 ಭಾಗಿಸು 0.7, ಅಂದರೆ ಸುಮಾರು 1026 ಪಿಕ್ಸೆಲ್ ಅಗಲದಲ್ಲಿ ಪುಟವನ್ನು ಜೋಡಿಸಿ, ಆಮೇಲೆ ಕುಗ್ಗಿಸುತ್ತದೆ. ಅದಕ್ಕೇ ಸ್ಕೇಲ್ ಇಳಿಸಿದ ಕೂಡಲೇ ಮೊಬೈಲ್ ಥರ ಕಾಣುತ್ತಿದ್ದ ಪುಟ ಇದ್ದಕ್ಕಿದ್ದಂತೆ ಡೆಸ್ಕ್‌ಟಾಪ್ ರೂಪಕ್ಕೆ ಮರಳುತ್ತದೆ. ಅದರ ಬೆಲೆ ಅಕ್ಷರ ತೆರಬೇಕು: 12 ಪಾಯಿಂಟ್ 8.4ಕ್ಕೆ ಇಳಿಯುತ್ತದೆ.

ಕುಗ್ಗಿಸುವ ಮೊದಲು ಹಾಳೆಯನ್ನು ಅಡ್ಡ ತಿರುಗಿಸಿ ನೋಡಿ. ಅಡ್ಡ ಎ4ನಲ್ಲಿ ಅದೇ ಮಾರ್ಜಿನ್‌ಗೆ 277 ಮಿಲಿಮೀಟರ್, ಸುಮಾರು 1047 ಪಿಕ್ಸೆಲ್ ಸಿಗುತ್ತದೆ. ಒಂದು ಚೂರೂ ಕುಗ್ಗಿಸದೆ ಹೆಚ್ಚುಕಡಿಮೆ ಡೆಸ್ಕ್‌ಟಾಪ್ ಲೇಔಟ್! ದೊಡ್ಡ ಟೇಬಲ್ ಇರುವ ಪುಟಗಳಿಗೆ ಇದೇ ಸರಿ. 8 ಪಾಯಿಂಟ್‌ಗಿಂತ ಕೆಳಗೆ ನಾನು ಯಾವತ್ತೂ ಹೋಗುವುದಿಲ್ಲ. ಕನ್ನಡ ಪಠ್ಯವಾದರೆ 9.

## ಹಂತ 4: ಪುಟ ನಿಮ್ಮದೇ ಆಗಿದ್ದರೆ

ಇಲ್ಲಿ ನಿಜವಾದ ಕೆಲಸ ಶುರುವಾಗುತ್ತದೆ. ಮೊದಲು ನೋಡುವ ವ್ಯವಸ್ಥೆ ಮಾಡಿಕೊಳ್ಳಿ. ಕ್ರೋಮ್‌ನಲ್ಲಿ ಎಫ್12 ಒತ್ತಿ ಡೆವ್‌ಟೂಲ್ಸ್ (ಪುಟದ ಕೋಡ್ ತೋರಿಸುವ ಪರಿಕರ) ತೆರೆದು, ರೆಂಡರಿಂಗ್ ಟ್ಯಾಬ್‌ನಲ್ಲಿ ಸಿಎಸ್‌ಎಸ್ ಮೀಡಿಯಾ ಬಗೆಯನ್ನು "ಪ್ರಿಂಟ್" ಮಾಡಿ. ಕಿಟಕಿಯ ಅಗಲವನ್ನು 718ಕ್ಕೆ ತನ್ನಿ. ಈಗ ಕಾಣುವುದೇ ಹೆಚ್ಚುಕಡಿಮೆ ನಿಮ್ಮ ಪಿಡಿಎಫ್. ಪ್ರತಿ ಬದಲಾವಣೆಗೂ ಪ್ರಿಂಟ್ ಕಿಟಕಿ ತೆರೆದು ಮುಚ್ಚುವ ಗೋಳು ತಪ್ಪುತ್ತದೆ.

ಕಾಗದ ಮತ್ತು ಮಾರ್ಜಿನ್. ಸ್ಟೈಲ್‌ಶೀಟ್‌ನಲ್ಲಿ ಅಟ್-ಪೇಜ್ ನಿಯಮ ಬರೆದು, ಸೈಜ್ ಎ4 ಅಂತ ಕೊಡಿ, ಮಾರ್ಜಿನ್ ಅನ್ನು ಮಿಲಿಮೀಟರ್‌ನಲ್ಲಿ ಕೊಡಿ. ಎಷ್ಟು ಕೊಡಬೇಕು? ಮಾರ್ಜಿನ್ ಖಾಲಿ ಜಾಗ ಅಂತ ಉಳಿಸಲು ಹೋಗಬೇಡಿ, ಸಾಲಿನ ಉದ್ದವನ್ನು ಅದೇ ನಿರ್ಧರಿಸುತ್ತದೆ. ಇಂಗ್ಲಿಷ್ ಪಠ್ಯಕ್ಕೆ ಸಾಲಿಗೆ 45ರಿಂದ 75 ಅಕ್ಷರ ಹಿತ ಅನ್ನುವುದು ಮುದ್ರಣದವರ ಹಳೆಯ ರೂಢಿ. 190 ಮಿಲಿಮೀಟರ್ ಅಗಲದಲ್ಲಿ 11 ಪಾಯಿಂಟ್ ಅಕ್ಷರ ಇಟ್ಟರೆ ಸಾಲಿಗೆ ನೂರರ ಹತ್ತಿರ ಹೋಗುತ್ತದೆ. ಕಣ್ಣು ಒಂದು ಸಾಲು ಮುಗಿಸಿ ಮುಂದಿನ ಸಾಲು ಹುಡುಕುವಾಗ ದಾರಿ ತಪ್ಪುತ್ತದೆ. ಎರಡೂ ಬದಿ 25 ಮಿಲಿಮೀಟರ್ ಬಿಟ್ಟು 160ಕ್ಕೆ ಇಳಿಸಿ, 12 ಪಾಯಿಂಟ್ ಹಾಕಿ ನೋಡಿ. ಸುಮಾರು 75ಕ್ಕೆ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಅಕ್ಷರ ಎಣಿಸುವುದಕ್ಕಿಂತ ಪದ ಎಣಿಸುವುದು ಸುಲಭ. ಸಾಲಿಗೆ 8ರಿಂದ 10 ಪದ ಇದ್ದರೆ ನನಗೆ ಸಮಾಧಾನ. ಮಾರ್ಜಿನ್ ಬದಲಿಸಿದ ಮೇಲೆ ಡೆವ್‌ಟೂಲ್ಸ್ ಕಿಟಕಿಯನ್ನೂ ಹೊಸ ಅಗಲಕ್ಕೆ ತನ್ನಿ. 160 ಮಿಲಿಮೀಟರ್ ಅಂದರೆ ಸುಮಾರು 605 ಪಿಕ್ಸೆಲ್.

ಒಂದೇ ಬೇರು. ಪ್ರಿಂಟ್ ನಿಯಮಗಳ (ಕಾಗದಕ್ಕೆ ಮಾತ್ರ ಅನ್ವಯಿಸುವ ಅಟ್-ಮೀಡಿಯಾ ಪ್ರಿಂಟ್ ಭಾಗ) ಒಳಗೆ ಎಚ್‌ಟಿಎಮ್‌ಎಲ್ ಅಂಶಕ್ಕೆ ಫಾಂಟ್-ಸೈಜ್ 11 ಅಥವಾ 12 ಪಾಯಿಂಟ್ ಕೊಡಿ. ಉಳಿದೆಲ್ಲ ಗಾತ್ರಗಳು, ಅಂದರೆ ಶೀರ್ಷಿಕೆ, ಪ್ಯಾರಾ ನಡುವಿನ ಜಾಗ, ಬಾಕ್ಸ್ ಒಳಗಿನ ಪ್ಯಾಡಿಂಗ್, ಎಲ್ಲವೂ ರೆಮ್ ಅಥವಾ ಇಎಮ್‌ನಲ್ಲಿರಲಿ (ಅಕ್ಷರದ ಗಾತ್ರವನ್ನೇ ಆಧರಿಸಿದ ಅಳತೆಗಳಿವು). ಆಗ ಬೇರು ಬದಲಿಸಿದರೆ ಮರವೆಲ್ಲ ಅದೇ ಪ್ರಮಾಣದಲ್ಲಿ ಬದಲಾಗುತ್ತದೆ. ಅಕ್ಷರ ಪಾಯಿಂಟ್‌ನಲ್ಲಿ, ಜಾಗ ಪಿಕ್ಸೆಲ್‌ನಲ್ಲಿ ಇದ್ದರೆ ಅಕ್ಷರ ಚಿಕ್ಕದಾಗಿ ಜಾಗ ಮಾತ್ರ ಹಾಗೇ ಉಳಿದು, ಪುಟ ಹಲ್ಲು ಬಿದ್ದ ಬಾಯಿ ಥರ ಕಾಣುತ್ತದೆ. ಲೈನ್-ಹೈಟ್‌ಗೆ ಘಟಕ ಹಾಕಬೇಡಿ, ಸುಮ್ನೆ 1.5 ಅಂತ ಬರೆಯಿರಿ. ಕನ್ನಡಕ್ಕೆ 1.6 ಅಥವಾ 1.7 ಬೇಕು. ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಕೆಳಗಿನ ಸಾಲಿನ ಗುಡಿಸುಗಳು ಮೇಲೆ ಏರುತ್ತವೆ. ಜಾಗ ಸಾಲದಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ.

ಶೀರ್ಷಿಕೆಗಳು. ಸ್ಕ್ರೀನ್ ಮೇಲಿನ 48 ಪಿಕ್ಸೆಲ್ ಶೀರ್ಷಿಕೆ ಕಾಗದದಲ್ಲಿ 36 ಪಾಯಿಂಟ್. ಮದುವೆ ಬ್ಯಾನರ್ ಥರ! ಕಾಗದ ಕೈಗೆ ಹತ್ತಿರ ಇರುತ್ತದೆ, ಅಷ್ಟು ದೊಡ್ಡದು ಬೇಡ. 11 ಪಾಯಿಂಟ್ ಪಠ್ಯಕ್ಕೆ ಮುಖ್ಯ ಶೀರ್ಷಿಕೆ 20, ಉಪಶೀರ್ಷಿಕೆ 15 ಸಾಕು. ಒಂದು ಕಣ್ಣಿಗೆ ಬೀಳದ ಗುಂಡಿ ಇದೆ: ಶೀರ್ಷಿಕೆಯ ಗಾತ್ರವನ್ನು ವಿಡಬ್ಲ್ಯೂ (ಕಿಟಕಿಯ ಅಗಲದ ನೂರರಲ್ಲೊಂದು ಭಾಗ) ಘಟಕದಲ್ಲಿ ಕೊಟ್ಟಿದ್ದರೆ, ಪ್ರಿಂಟ್‌ನಲ್ಲಿ ಅದು ಕಾಗದದ ಅಗಲಕ್ಕೆ ತಕ್ಕಂತೆ ಬದಲಾಗುತ್ತದೆ. 5 ವಿಡಬ್ಲ್ಯೂ ಅನ್ನುವುದು 1440 ಪಿಕ್ಸೆಲ್ ಸ್ಕ್ರೀನ್‌ನಲ್ಲಿ 72 ಪಿಕ್ಸೆಲ್. 718ರಲ್ಲಿ 36ರ ಆಸುಪಾಸು. ಪಠ್ಯ ಹಾಗೇ ಇದ್ದು ಶೀರ್ಷಿಕೆ ಮಾತ್ರ ಅರ್ಧವಾಯಿತಲ್ಲ ಅಂತ ನಾನು ಒಂದು ಮಧ್ಯಾಹ್ನವಿಡೀ ತಲೆ ಕೆರೆದುಕೊಂಡಿದ್ದೇನೆ. ಪ್ರಿಂಟ್ ನಿಯಮದಲ್ಲಿ ವಿಡಬ್ಲ್ಯೂ ತೆಗೆದು ನೇರ ಗಾತ್ರ ಕೊಡಿ.

ಮೊಬೈಲ್ ರೂಪ ಬರುವ ರಗಳೆ. ಪ್ರಿಂಟ್ ಮಾಡುವಾಗ ಬ್ರೌಸರ್ ಕಾಗದದ ಅಗಲವನ್ನೇ ಸ್ಕ್ರೀನ್ ಅಗಲ ಅಂತ ಲೆಕ್ಕ ಹಿಡಿಯುತ್ತದೆ. 992 ಪಿಕ್ಸೆಲ್‌ಗಿಂತ ಕಡಿಮೆಯಾದರೆ ಕಾಲಂ ಒಂದರ ಕೆಳಗೊಂದು ಬರಲಿ ಅಂತ ನೀವು ಬರೆದಿದ್ದರೆ, ಎ4 ಹಾಳೆಯಲ್ಲಿ ಖಂಡಿತ ಹಾಗೇ ಆಗುತ್ತದೆ. ಇಂಥ ಅಗಲದ ಷರತ್ತುಗಳಿಗೆ, ಅಂದರೆ ಮೀಡಿಯಾ ಕ್ವೆರಿಗಳಿಗೆ, "ಸ್ಕ್ರೀನ್ ಆ್ಯಂಡ್" ಅನ್ನುವ ಮಾತು ಸೇರಿಸಿ. ಆಗ ಆ ನಿಯಮಗಳು ಕಾಗದಕ್ಕೆ ಅನ್ವಯಿಸುವುದಿಲ್ಲ. ಕಾಗದಕ್ಕೆ ಎಷ್ಟು ಕಾಲಂ ಅನ್ನುವುದನ್ನು ಪ್ರಿಂಟ್ ನಿಯಮದಲ್ಲಿ ನೀವೇ ಹೇಳಿ. ಮೂರು ಕಾಲಂ ಇದ್ದದ್ದನ್ನು ಎರಡು ಮಾಡುವುದು ಒಳ್ಳೆಯ ರಾಜಿ.

ಕಳ್ಳನನ್ನು ಹಿಡಿಯಿರಿ. ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಪುಟದಲ್ಲಿ ಒಂದೇ ಒಂದು ವಸ್ತು ಕಾಗದಕ್ಕಿಂತ ಅಗಲವಾಗಿದ್ದರೂ, ಅದಕ್ಕೆ ಜಾಗ ಮಾಡಿಕೊಡಲು ಬ್ರೌಸರ್ ಇಡೀ ದಾಖಲೆಯನ್ನೇ ಕುಗ್ಗಿಸಬಹುದು. ಹದಿನೇಳನೇ ಪುಟದ ಒಂದು ಟೇಬಲ್‌ನಿಂದಾಗಿ ಮೊದಲ ಪುಟದ ಅಕ್ಷರ ಸಣ್ಣಗಾಗುತ್ತದೆ. ಜನ ಫಾಂಟ್ ಗಾತ್ರ ಹೆಚ್ಚಿಸುತ್ತಾ ಹೋಗುತ್ತಾರೆ, ಕಳ್ಳ ಬೇರೆ ಎಲ್ಲೋ ಕೂತಿರುತ್ತಾನೆ.

ಹುಡುಕುವುದು ಸುಲಭ. ಡೆವ್‌ಟೂಲ್ಸ್‌ನಲ್ಲಿ ಪ್ರಿಂಟ್ ನೋಟ ಇಟ್ಟು, ಕಿಟಕಿಯನ್ನು ಕಾಗದದ ಅಗಲಕ್ಕೆ ತನ್ನಿ. ಕೆಳಗೆ ಅಡ್ಡ ಸ್ಕ್ರೋಲ್ ಪಟ್ಟಿ ಬಂತು ಅಂದರೆ ಕಳ್ಳ ಇದ್ದಾನೆ. ಬಲಕ್ಕೆ ಎಳೆದುಕೊಂಡು ಮೇಲಿಂದ ಕೆಳಗೆ ಹೋಗಿ, ಹೊರಗೆ ಚಾಚಿಕೊಂಡಿರುವುದು ಸಿಗುತ್ತದೆ. ಸಾಮಾನ್ಯವಾಗಿ ಸಿಗುವ ಆರೋಪಿಗಳು ಇವರು:

- ಚಿತ್ರ. ಮ್ಯಾಕ್ಸ್-ವಿಡ್ತ್ 100 ಪರ್ಸೆಂಟ್, ಹೈಟ್ ಆಟೊ ಕೊಡಿ. ಎರಡನೆಯದನ್ನು ಮರೆತರೆ ಚಿತ್ರ ಹಿಂಡಿದ ಹಾಗೆ ಆಗಬಹುದು.
- ಕೋಡ್ ಇರುವ ಬಾಕ್ಸ್. ವೈಟ್-ಸ್ಪೇಸ್ ಅನ್ನು ಪ್ರೀ-ರ್ಯಾಪ್ ಮಾಡಿದರೆ ಉದ್ದದ ಸಾಲು ಮಡಚಿಕೊಳ್ಳುತ್ತದೆ. ಸ್ಕ್ರೀನ್ ಮೇಲೆ ಪಕ್ಕಕ್ಕೆ ಎಳೆದು ಓದುತ್ತಿದ್ದ ಭಾಗ ಕಾಗದದಲ್ಲಿ ಸುಮ್ನೆ ಕತ್ತರಿಸಿ ಹೋಗುತ್ತದೆ.
- ಉದ್ದನೆಯ ವೆಬ್ ವಿಳಾಸ. ಓವರ್‌ಫ್ಲೋ-ರ್ಯಾಪ್‌ಗೆ ಎನಿವೇರ್.
- ಟೇಬಲ್. ಇದಕ್ಕೆ ಒಂದೇ ಸಾಲಿನ ಮದ್ದಿಲ್ಲ. ಕಾಲಂ ಕಡಿಮೆ ಮಾಡಿ, ಟೇಬಲ್‌ನ ಅಕ್ಷರವನ್ನು ಮಾತ್ರ 9 ಪಾಯಿಂಟ್ ಮಾಡಿ, ಅಥವಾ ಅದನ್ನು ಬೇರೆ ಅಡ್ಡ ಪುಟಕ್ಕೆ ಕಳಿಸಿ.
- ಪಿಕ್ಸೆಲ್‌ನಲ್ಲಿ ಅಗಲ ಕೊಟ್ಟ ಹಳೆಯ ಬಾಕ್ಸ್. ವಿಡ್ತ್ 1200 ಅಂತ ಇದ್ದದ್ದನ್ನು ಪ್ರಿಂಟ್‌ನಲ್ಲಿ ಆಟೊ ಮಾಡಿ.

ಬೇಡದ್ದನ್ನು ತೆಗೆಯಿರಿ. ಮೆನು, ಹುಡುಕುವ ಬಾಕ್ಸ್, ಕುಕೀ ಎಚ್ಚರಿಕೆ ಇವಕ್ಕೆಲ್ಲ ಡಿಸ್‌ಪ್ಲೇ ನನ್. ಪೊಸಿಷನ್ ಫಿಕ್ಸೆಡ್ ಆಗಿರುವ ಹೆಡರ್ ಇದ್ದರೆ ಅದು ಪ್ರತಿ ಪುಟದಲ್ಲೂ ಬಂದು ಪಠ್ಯದ ಮೇಲೇ ಕೂರುತ್ತದೆ. 100 ವಿಎಚ್ (ಕಿಟಕಿಯ ಪೂರ್ತಿ ಎತ್ತರ) ಕೊಟ್ಟ ಭಾಗ ಇಡೀ ಹಾಳೆಯನ್ನು ನುಂಗುತ್ತದೆ. ಎತ್ತರಕ್ಕೂ ಆಟೊ ಕೊಡಿ.

ಪುಟ ಒಡೆಯುವ ಜಾಗ. ಶೀರ್ಷಿಕೆಗೆ ಬ್ರೇಕ್-ಆಫ್ಟರ್ ಅವಾಯ್ಡ್ ಕೊಟ್ಟರೆ ಅದು ಪುಟದ ತಳದಲ್ಲಿ ಒಂಟಿಯಾಗಿ ಉಳಿಯುವುದಿಲ್ಲ. ಚಿತ್ರ ಮತ್ತು ಟೇಬಲ್ ಸಾಲುಗಳಿಗೆ ಬ್ರೇಕ್-ಇನ್‌ಸೈಡ್ ಅವಾಯ್ಡ್. ದೊಡ್ಡ ಬಾಕ್ಸ್‌ಗಳಿಗೆ ಇದನ್ನು ಕೊಡಬೇಡಿ, ಅರ್ಧ ಹಾಳೆ ಖಾಲಿ ಬಿಟ್ಟು ಮುಂದಿನ ಪುಟಕ್ಕೆ ಹಾರುತ್ತವೆ. ಟೇಬಲ್‌ನ ತಲೆಸಾಲನ್ನು ಟಿ-ಹೆಡ್ ಒಳಗೆ ಬರೆದಿದ್ದರೆ ಅದು ಪ್ರತಿ ಪುಟದಲ್ಲೂ ತಾನಾಗೇ ಮತ್ತೆ ಬರುತ್ತದೆ.

## ಹಂತ 5: ಚಿತ್ರ ಮತ್ತು ಚಾರ್ಟ್

ಪಿಡಿಎಫ್‌ನಲ್ಲಿ ಅಕ್ಷರಕ್ಕೆ ರೆಸಲ್ಯೂಶನ್ ಅನ್ನುವುದಿಲ್ಲ. ಅದು ರೇಖೆಗಳಿಂದ ಆದದ್ದು, ಎಷ್ಟು ದೊಡ್ಡದು ಮಾಡಿದರೂ ಚೂಪಾಗೇ ಇರುತ್ತದೆ. ಫೋಟೋಗೆ ಮಾತ್ರ ಆ ಚಿಂತೆ. 160 ಮಿಲಿಮೀಟರ್ ಅಂದರೆ 6.3 ಇಂಚು. 800 ಪಿಕ್ಸೆಲ್ ಫೋಟೋವನ್ನು ಅಷ್ಟು ಅಗಲಕ್ಕೆ ಹರಡಿದರೆ ಇಂಚಿಗೆ 127 ಪಿಕ್ಸೆಲ್ ಸಿಗುತ್ತದೆ, ಪ್ರಿಂಟ್‌ನಲ್ಲಿ ಮಬ್ಬು ಕಾಣುತ್ತದೆ. ಇಂಚಿಗೆ 300 ಬೇಕಾದರೆ ಸುಮಾರು 1890 ಪಿಕ್ಸೆಲ್ ಅಗಲದ ಫೋಟೋ ಇರಬೇಕು. ದೊಡ್ಡ ಫೋಟೋ ಇಲ್ಲದಿದ್ದರೆ ಅದನ್ನು ಅರ್ಧ ಅಗಲಕ್ಕೆ ಇಡಿ, ಮರ್ಯಾದೆ ಉಳಿಯುತ್ತದೆ.

ಚಾರ್ಟ್‌ಗಳು ಕ್ಯಾನ್ವಾಸ್‌ನಲ್ಲಿ (ಪಿಕ್ಸೆಲ್ ಚಿತ್ರವಾಗಿ) ಬರೆದವಾದರೆ ಅವು ಸ್ಕ್ರೀನ್ ಅಗಲಕ್ಕೆ ಹೆಪ್ಪುಗಟ್ಟಿರುತ್ತವೆ. ಕುಗ್ಗಿಸಿದರೆ ಒಳಗಿನ ಅಂಕಿ, ಹೆಸರುಗಳೂ ಕುಗ್ಗುತ್ತವೆ. ಎಸ್‌ವಿಜಿ (ರೇಖೆಗಳಿಂದಾದ ಚಿತ್ರ) ಆದರೆ ಕನಿಷ್ಠ ಚೂಪಾಗಿ ಉಳಿಯುತ್ತವೆ. ಚಾರ್ಟ್ ಒಳಗಿನ ಅಕ್ಷರ ಕಾಗದದ ಮೇಲೆ ಎಷ್ಟು ಪಾಯಿಂಟ್ ಆಗುತ್ತದೆ ಅಂತ ಹಂತ 1ರ ಲೆಕ್ಕವನ್ನೇ ಮತ್ತೊಮ್ಮೆ ಹಾಕಿ.

## ಹಂತ 6: ಪ್ರೋಗ್ರಾಂ ಮೂಲಕ ಪಿಡಿಎಫ್ ಮಾಡುವವರಿಗೆ

ಪಪೆಟಿಯರ್ (ಕೋಡ್ ಮೂಲಕ ಬ್ರೌಸರ್ ನಡೆಸುವ ಸಾಧನ) ಬಳಸುವವರು ಮೂರು ವಿಷಯ ನೋಡಿಕೊಳ್ಳಬೇಕು. ಅದು ಪಿಡಿಎಫ್ ಮಾಡುವಾಗ ತಾನಾಗೇ ಪ್ರಿಂಟ್ ನಿಯಮಗಳನ್ನು ಹಿಡಿಯುತ್ತದೆ. ಸ್ಕ್ರೀನ್ ರೂಪವೇ ಬೇಕಾದರೆ ಎಮ್ಯುಲೇಟ್-ಮೀಡಿಯಾ-ಟೈಪ್‌ಗೆ "ಸ್ಕ್ರೀನ್" ಅಂತ ಕೊಡಿ. ಕಾಗದದ ಗಾತ್ರ ಹೇಳದೆ ಬಿಟ್ಟರೆ ಅದು ಲೆಟರ್ ಹಾಳೆ ಹಿಡಿಯುತ್ತದೆ. ಫಾರ್ಮ್ಯಾಟ್ ಎ4 ಅಂತ ಬರೆಯಿರಿ, ಇಲ್ಲವೇ ಸ್ಟೈಲ್‌ಶೀಟ್‌ನ ಗಾತ್ರವನ್ನೇ ಪಾಲಿಸಲು ಪ್ರಿಫರ್-ಸಿಎಸ್‌ಎಸ್-ಪೇಜ್-ಸೈಜ್ ಆನ್ ಮಾಡಿ. ಮೂರನೆಯದು, ಸ್ಕ್ರೋಲ್ ಮಾಡಿದಾಗ ಮಾತ್ರ ಲೋಡ್ ಆಗುವ ಚಿತ್ರಗಳಿದ್ದರೆ ಮೊದಲು ತಳದವರೆಗೆ ಸ್ಕ್ರೋಲ್ ಮಾಡಿಸಿ. ಇಲ್ಲದಿದ್ದರೆ ಖಾಲಿ ಚೌಕಗಳು ಸಿಗುತ್ತವೆ.

ಹಳೆಯ ಡಬ್ಲ್ಯೂಕೆ-ಎಚ್‌ಟಿಎಮ್‌ಎಲ್-ಟು-ಪಿಡಿಎಫ್ ಅನ್ನುವ ಪರಿವರ್ತಕ ಇನ್ನೂ ಬಹಳ ಕಡೆ ಓಡುತ್ತಿದೆ. ಅದರಲ್ಲಿ "ಸ್ಮಾರ್ಟ್ ಶ್ರಿಂಕಿಂಗ್" ಅನ್ನುವ ಗುಣವಿದೆ, ಕೇಳದೇ ಪುಟವನ್ನು ಕುಗ್ಗಿಸುವುದು. ಅದನ್ನು ಆಫ್ ಮಾಡುವ ಆಯ್ಕೆ ಕೊಟ್ಟು, ಬೇಕಾದಷ್ಟನ್ನು ಜೂಮ್ ಆಯ್ಕೆಯಿಂದ ನೀವೇ ಹೊಂದಿಸಿ. ಆದರೆ ಆ ಯೋಜನೆಯ ಕೆಲಸ ನಿಂತುಹೋಗಿ, 2023ರಲ್ಲಿ ಅದರ ಕೋಡ್ ಭಂಡಾರಕ್ಕೂ ಬೀಗ ಬಿದ್ದಿದೆ. ಗ್ರಿಡ್‌ನಂಥ ಹೊಸ ಲೇಔಟ್ ಅದಕ್ಕೆ ಅರ್ಥವಾಗುವುದಿಲ್ಲ. ಹೊಸ ಕೆಲಸಕ್ಕೆ ಅದನ್ನು ಹಿಡಿಯಬೇಡಿ.

## ಹಂತ 7: ಫಾಂಟ್

ವೆಬ್ ಫಾಂಟ್ ಪೂರ್ತಿ ಇಳಿಯುವ ಮೊದಲೇ ಪಿಡಿಎಫ್ ಮಾಡಿದರೆ ಬದಲಿ ಫಾಂಟ್ ಬಂದು ಕೂರುತ್ತದೆ. ಅದರ ಅಕ್ಷರದ ಅಗಲವೇ ಬೇರೆ, ಹಾಗಾಗಿ ಸಾಲುಗಳೆಲ್ಲ ಬೇರೆ ಕಡೆ ಒಡೆಯುತ್ತವೆ. ಡಾಕ್ಯುಮೆಂಟ್-ಫಾಂಟ್ಸ್-ರೆಡಿ (ಫಾಂಟ್ ಬಂತು ಅನ್ನುವ ಸೂಚನೆ) ಸಿಗುವವರೆಗೆ ಕಾಯಿಸಿ. ಕನ್ನಡ ಪುಟವನ್ನು ಸರ್ವರ್‌ನಲ್ಲಿ ಪಿಡಿಎಫ್ ಮಾಡುವಾಗ ಅಲ್ಲಿ ಕನ್ನಡ ಫಾಂಟೇ ಇಲ್ಲದೆ ಬರೀ ಚೌಕಗಳು ಬರುವುದು ಮಾಮೂಲು. ನೋಟೋ ಸಾನ್ಸ್ ಕನ್ನಡ ಹಾಕಿಕೊಳ್ಳಿ. ಫಾಂಟ್ ಬದಲಿಸಿದರೆ ಗಾತ್ರವನ್ನೂ ಮತ್ತೆ ನೋಡಬೇಕು. ಅದೇ 11 ಪಾಯಿಂಟ್ ಒಂದು ಫಾಂಟ್‌ನಲ್ಲಿ ದುಂಡಗೆ ದೊಡ್ಡದಾಗಿ, ಇನ್ನೊಂದರಲ್ಲಿ ಸಣಕಲಾಗಿ ಕಾಣುತ್ತದೆ.

## ಹಂತ 8: ಅಳೆದು ನೋಡಿ

ಕಣ್ಣನ್ನು ನಂಬಬೇಡಿ. ಕರಡು ಪುಟದ ಮೇಲ್ಭಾಗದಲ್ಲಿ 100 ಮಿಲಿಮೀಟರ್ ಅಗಲದ ಒಂದು ಕಪ್ಪು ಗೆರೆ ಹಾಕಿ. ಗೆರೆಗೆ ಪಿಕ್ಸೆಲ್ ಬೇಡ, ಮಿಲಿಮೀಟರ್‌ನಲ್ಲೇ ಅಗಲ ಕೊಡಿ. ಪಿಡಿಎಫ್ ಮಾಡಿ, ಮೊದಲು ಫೈಲ್‌ನ ಗುಣಗಳ ಪಟ್ಟಿಯಲ್ಲಿ ಪುಟದ ಅಳತೆ ನೋಡಿ. ಎ4 ಆದರೆ 595 ಗುಣಿಸು 842 ಪಾಯಿಂಟ್ ಇರಬೇಕು. ಅಲ್ಲೇ ಫಾಂಟ್ ಪಟ್ಟಿಯಲ್ಲಿ ನಿಮ್ಮ ಫಾಂಟ್ ಹೆಸರಿನ ಮುಂದೆ "ಎಂಬೆಡೆಡ್" (ಫೈಲ್ ಒಳಗೇ ಸೇರಿದೆ) ಅಂತ ಇದೆಯಾ ಅಂತಲೂ ನೋಡಿ.

ಆಮೇಲೆ ಒಂದು ಪುಟ ಪ್ರಿಂಟ್ ತೆಗೆಯಿರಿ. ಪ್ರಿಂಟ್ ಕಿಟಕಿಯಲ್ಲಿ "ಫಿಟ್" ಬಿಟ್ಟು "ಆ್ಯಕ್ಚುವಲ್ ಸೈಜ್" ಆರಿಸಿ. ಸ್ಕೇಲ್ ಪಟ್ಟಿ ಹಿಡಿದು ಗೆರೆ ಅಳೆಯಿರಿ. ಸರಿಯಾಗಿ 100 ಬಂದರೆ ಫೈಲ್ ಚೆನ್ನಾಗಿದೆ, ಗೆರೆ ಅಳಿಸಿ ಕಳಿಸಿಬಿಡಿ. 60, 70 ಬಂದರೆ ಕಳ್ಳ ಇನ್ನೂ ಒಳಗೇ ಇದ್ದಾನೆ, ಹಂತ 4ಕ್ಕೆ ವಾಪಸ್ ಹೋಗಿ. 95, 97 ಬಂದರೆ ಫೈಲ್‌ನ ತಪ್ಪಲ್ಲ. "ಫಿಟ್" ಇನ್ನೂ ಆನ್ ಇದೆ.